ನನ್ನ ಜಪಕ್ಕೇನು ಮರ್ಯಾದೆ ಇಲ್ಲವೇ?

ಸಿಟ್ಟು ಬಂದಾಗ ದೇವರನ್ನು ನೆನೆದರೆ ಸಿಟ್ಟು ಇಳಿಯುತ್ತದೆ ಎಂದು ತಿಳಿದವರು ಹೇಳುತ್ತಾರೆ. ನನಗಂತೂ ದೇವರನ್ನು ನೆನೆಯಲು ಕೂತಾಗಲೇ ಸಿಟ್ಟು ಏರುತ್ತಿತ್ತು. ತಪ್ಪು ನನ್ನದಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೈದರಾಬಾದು ಸಂಸ್ಥಾನ ಇನ್ನೂ ಇದ್ದ ಕಾಲ. ನಾನು ಕಮಲಾಪುರದ ಸರ್ಕಾರಿ ದವಾಖಾನೆಯಲ್ಲಿ ನರ್ಸು. ನನ್ನ ಗಂಡ ಇನಾಸಪ್ಪನವರಿಗೆ ಕಲಬುರಗಿಯ ಗಿರಣಿಯಲ್ಲಿ ಕೆಲಸ. ವಾರವೆಲ್ಲ ನಾನೊಂದು ಊರು, ಅವರೊಂದು ಊರು. ಭಾನುವಾರ ಬಸ್ಸು ಹಿಡಿದು ಕಲಬುರಗಿಗೆ ಹೋದರೆ ಚರ್ಚಿನ ಪೂಜೆಗೆ ಪೂಜೆಯೂ ಆಯಿತು, ಸಂಸಾರಕ್ಕೆ ಸಂಸಾರವೂ ಆಯಿತು. ಅಂಥ ಒಂದು ಭಾನುವಾರ ಪಾಪನಿವೇದನೆಗೆ ಮೊಣಕಾಲೂರಿದಾಗ ಫಾದರ್ ಕೇಳಿದರು: “ದಿನಾ ಜಪಸರ ಹೇಳ್ತೀಯೇನಮ್ಮ?” “ಪುರಸೊತ್ತು ಸಿಗೋದಿಲ್ಲ ಫಾದರ್” ಎಂದೆ. “ಪುರಸೊತ್ತು ಮಾಡಿಕೊಳ್ಳಬೇಕು ಮಗಳೇ” ಎಂದರು. ಎಷ್ಟು ಸಲೀಸಾಗಿ ಹೇಳಿದರು! ಅವರಿಗೆ ಅಡುಗೆಗೊಬ್ಬ, ಗಂಟೆ ಹೊಡೆಯಲು ಇನ್ನೊಬ್ಬ. ಹೆರಿಗೆಯ ಬೇನೆ ತಿನ್ನುವ ಬಸುರಿಯ ಅತ್ತೆ ಬಂದು ಅವರ ಬಾಗಿಲು ಬಡಿದದ್ದನ್ನು ನಾನಂತೂ ಕಂಡಿಲ್ಲ. ಹೊರಗೆ ಬಂದು ಗಂಡನ ಮುಂದೆ ಕುದ್ದೆ. “ಫಾದರ್ ಹೇಳೋದು ಖರೇನೇ ಅದ ಬಿಡು” ಎಂದರು. ಊಟಕ್ಕೆ ಮುಂಚೆ ಇವರು ಶಿಲುಬೆ ಗುರುತು ಹಾಕುವುದನ್ನು ನೀವು ನೋಡಬೇಕು, ಮುಖದ ಮೇಲಿನ ನೊಣ ಓಡಿಸಿದಂತಿರುತ್ತದೆ. ಅಂಥವರು ನನಗೆ ಬುದ್ಧಿ ಹೇಳಿದರು.

ಆದರೂ ಹಟ ಹಿಡಿದೆ. ಬೆಳಿಗ್ಗೆ ಆಗದು, ಸಂಜೆ ದವಾಖಾನೆಯಿಂದ ಬಂದು ಕೈಕಾಲು ತೊಳೆದು ದೀಪ ಹಚ್ಚುವ ಹೊತ್ತಿಗೆ ಕೂರಬೇಕೆಂದು ಗೊತ್ತುಮಾಡಿಕೊಂಡೆ. ನಾನಿದ್ದದ್ದು ಮಹಾದೇವಮ್ಮ ಎಂಬ ಲಿಂಗಾಯತ ಮುದುಕಿಯ ಮನೆಯಲ್ಲಿ. ಹಿಂದಿನ ಪಾಲು ಆಕೆಯದು, ಮುಂದಿನ ಎರಡು ಖೋಲಿ ನನ್ನವು. ಗೋಡೆಯಾಚೆ ಬಷೀರಾಬಿ, ಅವಳ ಗಂಡ, ಇಬ್ಬರು ಹೆಣ್ಣುಮಕ್ಕಳು. ಮೊದಲ ದಿನ ಕುರ್ಚಿಯ ಮೇಲೆ ಕೂತು ಜಪಸರ ಹಿಡಿದು ಕಣ್ಣು ಮುಚ್ಚಿ ಎರಡು ನಮೋ ಮರಿಯಾ ಹೇಳಿರಬೇಕು, ಮಹಾದೇವಮ್ಮ ಬಂದು ಎದುರಿಗೇ ಕೂತಳು. “ಖಾಲಿ ಕುಂತೀರಂತ ಬಂದೆ ನರ್ಸಬಾಯಿ. ಮೊಣಕಾಲು ಭಾಳ ನೋಯ್ಲತ್ತಾವ.” ಮರುದಿನ ಬಷೀರಾಬಿ ಕಿಟಕಿಯಲ್ಲಿ ಇಣುಕಿ, “ಬಾಯಿ, ತುಟಿ ಅಲ್ಲಾಡ್ಸಲತ್ತೀರಿ, ಯಾರ ಜೋಡಿ ಮಾತಾಡ್ತೀರಿ?” ಎಂದಳು. ಅದರ ಮರುದಿನ ದವಾಖಾನೆಯ ಜವಾನ. ಆಮೇಲೆ ಯಾರದೋ ಹೆರಿಗೆ. ಜಪಸರದ ಮೊದಲ ಮಣಿಗಳು ಸವೆದು ಹೊಳೆಯುತ್ತಿದ್ದವು, ಕೊನೆಯವು ಅಂಗಡಿಯಿಂದ ತಂದ ಹಾಗೇ ಇದ್ದವು.

ಈಗ ಅನ್ಯಾಯ ನೋಡಿ. ಇದೇ ಮಹಾದೇವಮ್ಮ ಬೆಳಿಗ್ಗೆ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತಳೆಂದರೆ ಊರ ಗೌಡರು ಬಂದರೂ ಹೊರಗೇ ನಿಲ್ಲಬೇಕು. ಬಷೀರಾಬಿ ಚಾಪೆ ಹಾಸಿದಳೆಂದರೆ ಅಷ್ಟೊತ್ತು ಕಿರುಚುತ್ತಿದ್ದ ಅವಳ ಸಣ್ಣ ಮಗಳು ಕೂಡ ಬಾಯಿಗೆ ಕೈ ಇಟ್ಟುಕೊಂಡು ಸುಮ್ಮನಾಗುತ್ತಿದ್ದಳು. ನಾನೇ ಎಷ್ಟು ಸಲ ಅವಳ ಬಾಗಿಲಲ್ಲಿ ಹಾಲಿನ ತಂಬಿಗೆ ಹಿಡಿದು ಕಾದಿದ್ದೇನೆ! ನನ್ನ ಜಪಕ್ಕೆ ಮಾತ್ರ ಮರ್ಯಾದೆ ಇಲ್ಲ. ಕುರ್ಚಿಯ ಮೇಲೆ ಕೂತ ಹೆಂಗಸು ಖಾಲಿಯೇ ಇರಬೇಕೆಂದು ಊರಿಗೆ ಊರೇ ತೀರ್ಮಾನಿಸಿಬಿಟ್ಟಿತ್ತು. ಕಡೆಗೊಂದು ದಿನ ಇಬ್ಬರನ್ನೂ ಕರೆದು ಜಗಳವನ್ನೇ ತೆಗೆದೆ. “ನಿಮ್ಮ ದೇವರು ದೇವರು, ನಮ್ಮ ದೇವರೇನು ದವಾಖಾನಿ ಜವಾನನ?” ಮಹಾದೇವಮ್ಮ ಕೆನ್ನೆ ಬಡಿದುಕೊಂಡಳು. “ಯವ್ವಾ, ಅದು ಪೂಜಿ ಅಂತ ನಮಗ ಹ್ಯಾಂಗ ತಿಳೀಬೇಕು? ಗಂಟಿ ಇಲ್ಲ, ಊದಿನಕಡ್ಡಿ ಇಲ್ಲ.” ಬಷೀರಾಬಿ, “ನೆಲಕ್ಕರ ಕೂಡ್ರಿ ಬಾಯಿ” ಎಂದಳು. ಅಂದಿನಿಂದ ದೇವಮಾತೆಯ ಪಟ ಇಟ್ಟು, ಮೇಣದ ಬತ್ತಿ ಹಚ್ಚಿ, ನೆಲದ ಮೇಲೆ ಮೊಣಕಾಲೂರತೊಡಗಿದೆ. ಅವರಿಬ್ಬರೂ ಬರುವುದನ್ನು ಬಿಟ್ಟರು. ಉಳಿದ ಊರು ಬಿಡಲಿಲ್ಲ.

ಅಷ್ಟರಲ್ಲಿ ಹಿಂದೂಸ್ತಾನದ ಸೈನ್ಯ ಸಂಸ್ಥಾನದೊಳಕ್ಕೆ ಬಂತು, ಅದನ್ನೇ ಪೊಲೀಸ್ ಕಾರ್ಯಾಚರಣೆ ಎಂದರು. ಅದಕ್ಕೆ ಮೊದಲು ಸಂಸ್ಥಾನದ ಪರ ನಿಂತ ಗುಂಪುಗಳ ದಾಂಧಲೆ ನಡೆದಿತ್ತು. ಸಂಸ್ಥಾನ ಶರಣಾದ ಮೇಲೆ ಅದರ ಸೇಡು ಶುರುವಾಯಿತು. ದಾಂಧಲೆ ಮಾಡಿದವರು ಎಲ್ಲಿ ತಪ್ಪಿಸಿಕೊಂಡಿದ್ದರೋ, ಸಿಟ್ಟು ಮಾತ್ರ ಏನೂ ಅರಿಯದ ಮುಸಲ್ಮಾನರ ಮೇಲೆ ತಿರುಗಿತು. ಬಸ್ಸು ನಿಂತಿತು. ನನ್ನ ಗಂಡ ಕಲಬುರಗಿಯಲ್ಲೇ ಉಳಿದರು. ಬಷೀರಾಬಿಯ ಗಂಡನೂ ಕಲಬುರಗಿಯ ರೋಜಾ ಓಣಿಯ ಹತ್ತಿರ ಅಣ್ಣನ ಮನೆಗೆ ಹೋದವನು ಅಲ್ಲೇ ಸಿಕ್ಕಿಬಿದ್ದ. ಅವಳು ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ನನ್ನ ಒಳಗಿನ ಖೋಲಿಗೆ ಬಂದಳು. ನಾನು ಬಾ ಎಂದೆನೋ, ಮಹಾದೇವಮ್ಮ ಬಾ ಎಂದಳೋ ನೆನಪಿಲ್ಲ. ಯಾರೂ ಅನ್ನದೆ ಅವಳೇ ಬಂದಿದ್ದರೂ ಇರಬಹುದು.

ಆ ದಿನಗಳಲ್ಲಿ ದವಾಖಾನೆಗೆ ರೋಗಿಗಳಿಲ್ಲ, ಬೀದಿಯಲ್ಲಿ ಜನರಿಲ್ಲ. ಒಂದು ಸಂಜೆ ಬಾಗಿಲು ಹಾಕಿ ಜಪಕ್ಕೆ ಕೂತೆ. ಜೀವಮಾನದಲ್ಲಿ ಮೊದಲ ಬಾರಿಗೆ ಯಾರೂ ಕರೆಯದೆ ಜಪಸರ ಅರ್ಧ ದಾಟಿತು. ಹೆದರಿಕೆಯಲ್ಲೂ ಒಳಗೊಳಗೇ ಹಿಗ್ಗಾಯಿತು, ಸುಳ್ಳೇಕೆ ಹೇಳಲಿ. ಇನ್ನೇನು ಮುಗಿಯಬೇಕು, ಆಗ ಬಾಗಿಲಿನ ಮೇಲೆ ದಬದಬ ಬಡಿತ.

ನನಗೆ ಆಗ ಭಯವಾಗಬೇಕಿತ್ತು. ಬಂದದ್ದು ಕೆಟ್ಟ ಸಿಟ್ಟು. ಬಾಗಿಲು ತೆರೆದರೆ ಬಡಿಗೆ ಹಿಡಿದ ಒಂದು ಗುಂಪು. ಮುಂದೆ ನಿಂತವನ ಗುರುತು ಹತ್ತಿತು. ಅವನ ಚೊಚ್ಚಲ ಮಗುವನ್ನು ಹೊರಗೆಳೆದ ಕೈ ಇದು. “ಏನೋ, ನಿನಗ ದೇವರ ಅಂಜಿಕಿ ಏನರ ಅದ ಇಲ್ಲ?” ಎಂದು ಜಪಸರವನ್ನು ಅವನ ಮೂಗಿನ ಮುಂದೆ ಹಿಡಿದೆ. “ನಿನ್ನ ಹೇಣ್ತಿ ಬ್ಯಾನಿ ತಿನ್ನಾಗ ಇದೇ ಜಪ ಅರ್ಧಕ್ಕ ಬಿಟ್ಟು ಓಡಿ ಬಂದೀನಿ. ಇವತ್ತ ಮತ್ತ ಬಿಡಸ್ಲಾಕ ಬಂದೀಯ? ಬಡಗಿ ಹಿಡಕೊಂಡು ಬಂದೀಯ?” ಅವನು ಒಂದು ಹೆಜ್ಜೆ ಹಿಂದೆ ಸರಿದ. “ಹಂಗಲ್ರೀ ಬಾಯಾರ. ಒಳಗ ಯಾರ ಅದಾರ ನೋಡಿ ಹೋಗ್ತೀವ್ರಿ.” “ಒಳಗ ದೇವರು ಅದಾನ. ನನ್ನ ಮಾತು ಕೇಳ್ಳಾಕ ಕುಂತಾನ. ನೀ ಹೋದ ಮ್ಯಾಲ ನಿನ್ನ ವಿಷಯಾನೂ ಹೇಳಾಕಿ ಅದೀನಿ!”

ಹಿಂದಿದ್ದವನೊಬ್ಬ ಅಷ್ಟಕ್ಕೆ ಬಗ್ಗದೆ ನನ್ನನ್ನು ದಾಟಿ ಒಳಗೆ ಕಾಲಿಟ್ಟ. ಇಟ್ಟವನು ಅಲ್ಲೇ ನಿಂತ. ಹಿಂದಿನ ಪಾಲಿನಿಂದ ಯಾವಾಗ ಬಂದಿದ್ದಳೋ, ಒಳಖೋಲಿಯ ಹೊಸ್ತಿಲಿಗೆ ಅಡ್ಡವಾಗಿ ಮಹಾದೇವಮ್ಮ ಕೂತಿದ್ದಳು. ಹಣೆ ತುಂಬ ವಿಭೂತಿ, ಅಂಗೈಯಲ್ಲಿ ಲಿಂಗ, ಅರೆಮುಚ್ಚಿದ ಕಣ್ಣು. ಅದು ಆಕೆಯ ಪೂಜೆಯ ಹೊತ್ತಂತೂ ಅಲ್ಲವೇ ಅಲ್ಲ. ಆದರೆ ಲಿಂಗ ಹಿಡಿದ ಮುದುಕಿಯನ್ನು ದಾಟುವ ಗಂಡಸು ಆ ಗುಂಪಿನಲ್ಲಿರಲಿಲ್ಲ. ಅವನು ತಲೆ ತಗ್ಗಿಸಿ ಕೈಮುಗಿದು ಹಿಂದಕ್ಕೆ ಬಂದ. “ನಡೀರ್ಲೇ, ಇಲ್ಲಿ ಬರೇ ಪೂಜಿನೇ ನಡದದ” ಎಂದ. ಹೋದರು. ಬಾಗಿಲು ಹಾಕಿ ಅಗುಳಿ ಜಡಿದೆ. ಒಳಗಿಂದ ಬಷೀರಾಬಿ ಬಂದು ನಮ್ಮಿಬ್ಬರ ಕೈಯನ್ನೂ ಹಿಡಿದುಕೊಂಡಳು. ದಾರಿ ತೆರೆದ ಮೇಲೆ ಅವಳ ಗಂಡ ಬಂದು, ಮಕ್ಕಳನ್ನು ತಬ್ಬಿಕೊಂಡು ಅಂಗಳದಲ್ಲೇ ಕೂತು ಅತ್ತ.

ಮುಂದಿನದ್ದು ನನ್ನ ಕರ್ಮ. ನನ್ನ ಗಂಡನಿಗೆ ಬಾಯಿ ನಿಲ್ಲುವುದಿಲ್ಲ. ಸುದ್ದಿ ಫಾದರ್‌ಗೆ ಮುಟ್ಟಿತು. ಅವರು ಭಾನುವಾರದ ಪ್ರವಚನದಲ್ಲಿ, ದಿನನಿತ್ಯದ ಪ್ರಾರ್ಥನೆ ಎಂಥ ಶಾಂತಿಯನ್ನು, ಎಂಥ ಧೈರ್ಯವನ್ನು ಕೊಡುತ್ತದೆ ಎಂಬುದಕ್ಕೆ ನನ್ನನ್ನೇ ಉದಾಹರಣೆ ಕೊಟ್ಟರು. ಶಾಂತಿಯಂತೆ! ಕಮಲಾಪುರದಲ್ಲಿ ಸುದ್ದಿ ಇನ್ನೊಂದು ರೂಪ ತಾಳಿತು. ನರ್ಸಬಾಯಿಯ ಮಣಿಸರಕ್ಕೆ ಭಾರೀ ಶಕ್ತಿ ಇದೆ, ತೋರಿಸಿದರೆ ಬಡಿಗೆ ಕೈಯಿಂದ ಜಾರಿ ಬೀಳುತ್ತದೆ ಎಂದು ಬಾವಿಕಟ್ಟೆಯಲ್ಲಿ ಮಾತಾಯಿತು. ಆಮೇಲೆ ಕೇಳಬೇಕೇ? ನಾನು ಮೊಣಕಾಲೂರುವ ಹೊತ್ತಿಗೇ ಲೆಕ್ಕ ಹಾಕಿ ಜನ ಬರತೊಡಗಿದರು. ಮೊದಲು ಖಾಲಿ ಕೂತಿದ್ದೇನೆಂದು ಬರುತ್ತಿದ್ದರು, ಈಗ ಜಪಕ್ಕೆ ಕೂತಿದ್ದೇನೆಂದೇ ಬರುತ್ತಿದ್ದರು. ಮಗಳಿಗೆ ವರ, ಮೊಮ್ಮಗನಿಗೆ ಜ್ವರ, ಒಬ್ಬಳಿಗೆ ಅತ್ತೆಯ ಕಾಟ, ಅದೇ ಅತ್ತೆಗೆ ಇವಳ ಕಾಟ.

ಒಂದು ಸಂಜೆ ಹೆಂಗಸೊಬ್ಬಳು ಕೆಂಪು ಬಾಳೆಹಣ್ಣು ತಂದು ದೇವಮಾತೆಯ ಮುಂದಿಟ್ಟು, “ಬಾಯಾರ, ನಮ್ಮ ಎಮ್ಮಿ ಹಿಂಡಸ್ಕೊಳ್ಳವಲ್ದು. ಜರಾ ನಿಮ್ಮ ದೇವರಿಗಿ ಹೇಳ್ರಿ” ಎಂದಳು. ಮೈಯೆಲ್ಲ ಉರಿದುಹೋಯಿತು. ರೇಗಿದೆ, ಬೈದೆ, ಹಣ್ಣು ವಾಪಸು ಕೊಟ್ಟು ಕಳಿಸಿದೆ. ಬಾಗಿಲು ಹಾಕಿ ಕಡೆಗೆ ಆ ಎಮ್ಮೆಗಾಗಿಯೂ ಒಂದು ನಮೋ ಮರಿಯಾ ಹೇಳಿದೆ. ಎಮ್ಮೆ ಹಾಲು ಕೊಟ್ಟಿತೆಂದು ಮರುದಿನ ಸುದ್ದಿ ಬಂತು. ಕೊಟ್ಟದ್ದು ನಾನು ಪ್ರಾರ್ಥನೆ ಮಾಡುವುದಕ್ಕೆ ಮೊದಲೋ ಆಮೇಲೋ ಎಂದು ಅವಳನ್ನು ಬಾವಿಕಟ್ಟೆಯಲ್ಲಿ ಎಲ್ಲರೂ ಕೇಳುವಂತೆ ನಿಲ್ಲಿಸಿ ವಿಚಾರಿಸಿದವಳು ಮಾತ್ರ ನಾನೇ.