ಒಣಗಿ ನಿಂತ ಎಡಗಿವಿಯವರಿಗೆ ಒಂದು ಅಹವಾಲು

ಕೊಳ್ಳೇಗಾಲ
ದೀಪಾವಳಿ ಕಳೆದ ವಾರ, ೧೯೫೩

ನನ್ನ ತಲೆಯ ಎಡಪಕ್ಕದಲ್ಲಿ ಬಹುಕಾಲದಿಂದ ಬಿಜಯಂಗೈದಿರುವ ಮಾನ್ಯ ಕಿವಿಯವರೇ,

ತಮಗೆ ಬಾಗಿ ನಮಸ್ಕರಿಸಬೇಕೆಂದಿದ್ದೆ. ಆದರೆ ಆಪರೇಷನ್ ಆದಂದಿನಿಂದ ನಾನು ಬಾಗಿದರೆ ಭೂಮಿಯೇ ಎದ್ದು ಬಂದು ನನಗೆ ನಮಸ್ಕರಿಸುವುದರಿಂದ, ಗೋಡೆಗೊರಗಿ ಕುಳಿತು ಅರ್ಪಿಸಿದ ಈ ವಂದನೆಯನ್ನೇ ಸ್ವೀಕರಿಸಬೇಕು. ಗುಟ್ಟಾಗಿ ಹೇಳಿದ್ದೊಂದೂ ತಮಗೆ ತಲುಪದ್ದರಿಂದ ಪತ್ರವನ್ನು ಬಹಿರಂಗವಾಗಿಯೇ ಬರೆಯಬೇಕಾಗಿ ಬಂದಿದೆ.

ಹೊರಗಿರಬೇಕಾದ ಚರ್ಮವನ್ನು ಒಳಗೆ ಕರೆದು, ಸಾಕಿ, ನನ್ನ ಮೂಳೆಯನ್ನೇ ಅದಕ್ಕೆ ಊಟಕ್ಕಿಟ್ಟ ತಮ್ಮ ಔದಾರ್ಯವನ್ನು ಎಷ್ಟು ಹೊಗಳಿದರೂ ಸಾಲದು. ಮೈಸೂರಿನ ಡಾಕ್ಟರು ಆ ಅತಿಥಿಗೆ ಕೊಲೆಸ್ಟಿಯಟೋಮ ಎಂದು ಹೆಸರು ಹೇಳಿ, ಕಿವಿಯ ಹಿಂದೆ ಕೊಯ್ದು, ಅದು ತಿಂದು ಉಳಿಸಿದ್ದ ಪುಟ್ಟ ಮೂಳೆಗಳ ಸಮೇತ ಹೊರಗೆ ಹಾಕಿದರು. ರುಚಿಯ ನರವೂ ತಮ್ಮೊಳಗೇ ಹಾಯುವುದರಿಂದ, ಅಂದಿನಿಂದ ನಾಲಿಗೆಯ ಎಡಭಾಗಕ್ಕೆ ಕಜ್ಜಾಯವೂ ತುಕ್ಕು ಹಿಡಿದ ಮೊಳೆಯೂ ಒಂದೇ ರುಚಿ. ಅದಕ್ಕೂ ಮುಂಚಿನಿಂದಲೇ, ಜೂನಿಯರ್ ಇಂಟರ್ಮೀಡಿಯೆಟ್ ಕ್ಲಾಸಿನಲ್ಲಿ ಪ್ರಶ್ನೆ ಬಂದೊಡನೆ ಬಲಗಿವಿ ಒಡ್ಡಲು ಮುಖವನ್ನು ಗೋಡೆಯ ಕಡೆ ತಿರುಗಿಸುವ ನನ್ನನ್ನು ಲೆಕ್ಚರರು ಅಹಂಕಾರಿ ಎಂದುಕೊಂಡಿದ್ದಾರೆ. ಅಹಂಕಾರ ಪಡುವಷ್ಟು ಮಾರ್ಕ್ಸು ನನಗೆ ಬಂದಿಲ್ಲವೆಂಬುದನ್ನು ಅವರಾದರೂ ನೆನೆಯಬೇಕಿತ್ತು. ಉಪಕಾರವನ್ನೂ ಮರೆಯಲಾರೆ: ಬಲಮಗ್ಗುಲಾಗಿ ಮಲಗಿದರೆ ಮನೆಯ ಮಗ್ಗಗಳೆಲ್ಲ ಮೌನವ್ರತ ಹಿಡಿಯುತ್ತವೆ.

ಇಷ್ಟನ್ನೂ ಸಹಿಸಿಕೊಂಡಿದ್ದೆ. ಆದರೆ ಡಾಕ್ಟರು, ಹಬ್ಬ ಮುಗಿಸಿಕೊಂಡು ಬಾ, ಕಿವಿ ಒಣಗಿದ್ದರೆ ಕಾಲೇಜು, ಸೋರುತ್ತಿದ್ದರೆ ಮತ್ತೆ ಚಾಕು ಎಂದಿದ್ದರು. ಮತ್ತೆ ಚಾಕು ಎಂದರೆ ಈ ವರ್ಷ ಹೋಯಿತು. ವರ್ಷ ಹೋದರೆ ಅಪ್ಪ ರಾಮಲಿಂಗಯ್ಯನವರ ತೀರ್ಪು ಸಿದ್ಧವಾಗಿತ್ತು: "ನೇಯಕ್ಕೆ ಕಿವಿ ಯಾಕ್ಲಾ? ಕೈಕಾಲಿದ್ರೆ ಸಾಕು. ಬಂದು ಗುಂಡೀಗಿಳಿ." ಮಗ್ಗದ ಗುಂಡಿಯಲ್ಲಿ ನನ್ನ ಇಂಗ್ಲಿಷು ಯಾರಿಗೆ ಬೇಕು? ಆದ್ದರಿಂದ ವ್ಯಾಸಲೀನ್ ಸವರಿದ ಹತ್ತಿಯನ್ನು ತಮಗೆ ತುರುಕಿ, ತಮ್ಮನ್ನು ಬಾಣಂತಿಯಂತೆ ಕಾಪಾಡಿದೆ.

ಅಷ್ಟರಲ್ಲಿ ಹಬ್ಬ ಬಂತು. ನಮ್ಮ ಮನೆಯಲ್ಲಿ ಎಣ್ಣೆಸ್ನಾನವೆಂದರೆ ಬೆಳ್ಳುಳ್ಳಿ ಕಾಯಿಸಿದ ಎಣ್ಣೆಯನ್ನು ಎರಡು ಕಿವಿಗೂ ತುಂಬಿಸಿಕೊಳ್ಳದೆ ಯಾರೂ ಮಣೆಯಿಂದ ಏಳುವಂತಿಲ್ಲ. ಅಜ್ಜಿ ಚಿಕ್ಕತಾಯಮ್ಮನವರು ಬಟ್ಟಲು ಹಿಡಿದು ಬಂದೊಡನೆ ನಾನು ಹೆದರಿ "ನೋ ಆಯಿಲ್, ನೋ ವಾಟರ್" ಎಂದು ಕೂಗಿದೆ.

"ಅಬ್ಬದ್ ದಿನ ಅದೇನ್ಲಾ ಬೊಗುಳ್ತೀ? ಕಿವಿ ಒಣಗಿದ್ರೆ ಮನೆಗೊಳ್ಳೇದಲ್ಲ ಕಣ್ಲಾ" ಎಂದರು ಅಜ್ಜಿ.

"ಅತ್ತೆ, ಡಾಕ್ಟ್ರು ಬ್ಯಾಡ ಅಂದವ್ರೆ" ಎಂದರು ಅಮ್ಮ.

"ಡಾಕ್ಟ್ರು ಕುಯ್ದಿದ್ದು ಒಂದ್ ಕಿವಿ ತಾನೆ? ಇನ್ನೊಂದು ನಮ್ದೇಯ!"

ಹೀಗೆ ನ್ಯಾಯ ತೀರ್ಮಾನವಾಗಿ, ತಮ್ಮ ಪಾಲಿನ ಎಣ್ಣೆಯನ್ನೂ ಬಲಗಿವಿಗೇ ಸುರಿಯಲಾಯಿತು. ಹಬ್ಬವಿಡೀ ಜಗತ್ತು ನನ್ನೆದುರು ಬರೀ ಬಾಯಾಡಿಸಿತು. ನಾನು ಮಾತ್ರ ಗಳಿಗೆಗೊಮ್ಮೆ ಹತ್ತಿ ತೆಗೆದು ನೋಡುತ್ತ, ತಮ್ಮಿಂದ ಒಂದು ಹನಿಯೂ ಸೋರದಿರಲೆಂದು ಕಂಡ ದೇವರಿಗೆಲ್ಲ ಹರಕೆ ಹೊತ್ತೆ.

ಮೊನ್ನೆ ಡಾಕ್ಟರು ತಮ್ಮೊಳಗೆ ಲೈಟು ಬಿಟ್ಟು ಇಣುಕಿ "ಡ್ರೈ" ಎಂದರು. ಅಷ್ಟು ಸುಂದರವಾದ ಪದವನ್ನು ನಾನು ಯಾವ ಪೊಯೆಟ್ರಿ ಟೆಕ್ಸ್ಟಿನಲ್ಲೂ ಓದಿಲ್ಲ. ಆಮೇಲೆ ಬಲಗಿವಿಗೂ ಇಣುಕಿ, ಇದರೊಳಗೆ ಒಗ್ಗರಣೆ ಹಾಕಿದವರು ಯಾರು ಎಂದು ವಿಚಾರಿಸಿದರು. ಕೇಳಿಸುವುದು ಮರಳಿ ಬರುವುದಿಲ್ಲ, ಬದುಕಿರುವವರೆಗೂ ಆಗಾಗ ಬಂದು ಕಿವಿ ಶುದ್ಧಿ ಮಾಡಿಸಿಕೊಳ್ಳಬೇಕು, ಹೊಳೆಯಲ್ಲಿ ಮುಳುಗುವಂತಿಲ್ಲ ಎಂದೂ ಹೇಳಿದರು. ಹೇಳಿದ್ದೆಲ್ಲಕ್ಕೂ ತಲೆಯಾಡಿಸಿದೆ, ಆಡಿಸಿದ್ದಕ್ಕೆ ತಲೆ ಸುತ್ತಿತು. ಸೋಮವಾರ ಕಾಲೇಜಿಗೆ ಹೊರಡುತ್ತೇನೆ. ಕೃಪೆಯಿಟ್ಟು ಆ ಪುಟ್ಟ ಮೂಳೆಗಳನ್ನು ಮತ್ತೆ ಮೊಳೆಯಿಸಿಕೊಡಬೇಕು; ಅದಾಗದಿದ್ದರೆ, ಲೆಕ್ಚರರನ್ನಾದರೂ ನನ್ನ ಬಲಕ್ಕೆ ವರ್ಗ ಮಾಡಿಸಬೇಕೆಂದು ಪ್ರಾರ್ಥನೆ.

ತಾವು ಕೇಳದಿದ್ದರೂ ತಮ್ಮನ್ನು ಹೊತ್ತು ತಿರುಗುವ
ತಮ್ಮ ವಿಶ್ವಾಸಿ,
ಆರ್. ಮುದ್ದಯ್ಯ

ಮರೆತ ಮಾತು: ತಾವು ಒಣಗಿದ ಕೀರ್ತಿ ಡಾಕ್ಟರಿಗೂ ಸಿಗಲಿಲ್ಲ, ತಮಗೂ ಸಿಗಲಿಲ್ಲ. "ಬಲಕ್ಕೆ ಎಣ್ಣೆ ಬುಟ್ಟು ಎಡ ಒಣಗಿಸ್ದೋಳು ನಾನು" ಎಂದು ಅಜ್ಜಿ ಬೀದಿಗೆಲ್ಲ ಸಾರಿದ್ದಾರೆ. ಇದನ್ನು ಬರೆಯುತ್ತಿರುವಾಗ ಪಕ್ಕದ ಮನೆಯ ರಾಚಮ್ಮನವರು, ಎಡಮೊಣಕಾಲಿನ ನೋವಿಗೆಂದು ಬಲಮೊಣಕಾಲು ಚಾಚಿಕೊಂಡು ಅಜ್ಜಿಯ ಮುಂದೆ ಕುಳಿತಿದ್ದಾರೆ.