ಉಳಿದದ್ದೆಲ್ಲ ಹಾಗೇ ಇದ್ದರೆ

ನಮ್ಮ ಸೋದರಮಾವ ಇಡೀ ಜಗತ್ತನ್ನು ಅಲ್ಲಾಡದಂತೆ ಕೂರಿಸಬಲ್ಲರು. ತಾವು ಮಾತ್ರ ಒಂದು ಕಡೆ ಎರಡು ನಿಮಿಷ ಕೂತವರಲ್ಲ! ಕಾಲೇಜಿನಲ್ಲಿ ಆರ್ಥಿಕ ಚಿಂತನೆಯ ಇತಿಹಾಸ ಪಾಠ ಮಾಡಿ ನಿವೃತ್ತರಾದವರು. ಜೀವನ್ ಬಿಮಾ ನಗರದ ಅವರ ಮನೆಗೆ ಹೋದರೆ, ಕಾಫಿ ಲೋಟ ಹಿಡಿದು ನಡುಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡುಗೆಮನೆಗೆ ಓಡಾಡುತ್ತಲೇ ಮಾತಾಡುತ್ತಾರೆ. ಕೇಳುವ ನಮಗೆ ಕತ್ತು ನೋವು.

ಅವರ ಪ್ರತಿ ಮಾತಿಗೂ ಮೊದಲು ಒಂದು ಷರತ್ತು: "ಉಳಿದದ್ದೆಲ್ಲ ಹಾಗೇ ಇದ್ದರೆ." ಇದೇನು ಮಂತ್ರ ಎಂದು ಒಮ್ಮೆ ಕೇಳಿ ಸಿಕ್ಕಿಬಿದ್ದೆ.

"ನೋಡೋ, ಬೆಲೆ, ಮಳೆ, ಜನರ ಆಸೆ ಎಲ್ಲಾ ಒಟ್ಟಿಗೆ ಕುಣೀತಿರುತ್ತೆ. ಯಾವುದು ಯಾವುದನ್ನ ತಳ್ತಿದೆ ಅಂತ ಹೇಗೆ ಗೊತ್ತಾಗ್ಬೇಕು? ಅದಕ್ಕೇ ಹಿಂದಿನ ಅರ್ಥಶಾಸ್ತ್ರಜ್ಞರು ಒಂದನ್ನ ಮಾತ್ರ ಕುಣಿಯೋಕೆ ಬಿಟ್ಟು, ಮಿಕ್ಕಿದ್ದನ್ನ ಮನಸ್ಸಲ್ಲೇ ಕೂರಿಸಿದ್ರು."

"ನಿಜವಾಗ್ಲೂ ಕೂರುತ್ತಾ ಮಾವ?"

"ಅದೇ ಜಗಳ ಇನ್ನೂ ನಡೀತಿದೆ" ಎಂದು ಮಾವ ಬಾಲ್ಕನಿಗೆ ಹೊರಟರು.

ಬೆಂಗಳೂರಿನಲ್ಲಂತೂ ಕೂರುವುದಿಲ್ಲ! ನಾನು ಕೆ.ಆರ್. ಪುರದಲ್ಲಿ ರೈಲು ಹಿಡಿಯಬೇಕಿತ್ತು. "ಉಳಿದದ್ದೆಲ್ಲ ಹಾಗೇ ಇದ್ರೆ ಅರ್ಧ ಗಂಟೆ ಸಾಕು" ಎಂದು ಮಾವನೇ ಆಟೋ ಹತ್ತಿಸಿ ಜೊತೆಗೆ ಬಂದರು. ಹಿಂದಿನ ದಿನ ಇದ್ದ ರಸ್ತೆ ಅವತ್ತು ಗುಂಡಿಯಾಗಿತ್ತು. ರೈಲು ಹೊರಟುಹೋಯಿತು. "ಸಿದ್ಧಾಂತ ಸರಿಯಾಗೇ ಇದೆ, ರಸ್ತೆ ತಪ್ಪು ಮಾಡ್ತು" ಎಂದರು ಮಾವ.

ಮೊನ್ನೆ ಶಿವಾಜಿನಗರದ ಮಾರ್ಕೆಟ್ಟಿಗೆ ಅತ್ತೆಯೂ ಬಂದಿದ್ದರು. ಮಾವ ಹಣ್ಣಿನಂಗಡಿಯ ಸಾಹೇಬರನ್ನು ಹಿಡಿದುಕೊಂಡರು. "ಉಳಿದದ್ದೆಲ್ಲ ಹಾಗೇ ಇದ್ರೆ, ಮಾವಿನಹಣ್ಣು ಜಾಸ್ತಿ ಬಂದಾಗ ರೇಟು ಇಳೀಬೇಕಲ್ವಾ?"

"ಇಳೀಬೇಕು ಸಾರ್. ಆದ್ರೆ ನೀವು ಹೀಗೆ ಅಡ್ಡ ನಿಂತಿದ್ರೆ ಗಿರಾಕಿ ಬರಲ್ಲ. ಅದೂ ಹಾಗೇ ಇರ್ಬೇಕಾ?"

ಅತ್ತೆ ಚೀಲ ಕೆಳಗಿಟ್ಟು ಬಿದ್ದು ಬಿದ್ದು ನಕ್ಕರು. ನಗು ನಿಂತ ಮೇಲೂ ಅವರ ಏದುಸಿರು ನಿಲ್ಲಲಿಲ್ಲ.

ಹಲಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಪರೀಕ್ಷೆಗಳು ಮುಗಿಯುವವರೆಗೂ ಮಾವ ವರಾಂಡದ ಆ ತುದಿಯಿಂದ ಈ ತುದಿಗೆ ನಡೆದರು. ಕೂತ್ಕೊಳ್ಳಿ ಎಂದು ನರ್ಸ್ ಎರಡು ಸಲ ಗದರಿದರು. ಕೊನೆಗೆ ಡಾಕ್ಟರು ಬಂದರು.

"ಹಾರ್ಟು ಸ್ವಲ್ಪ ವೀಕಾಗಿದೆ. ಮಾತ್ರೆ ಬರೆದಿದ್ದೀನಿ. ಉಳಿದದ್ದೆಲ್ಲ ಹೀಗೇ ಇದ್ರೆ ಭಯ ಇಲ್ಲ."

ಮಾವನ ನಡಿಗೆ ನಿಂತುಹೋಯಿತು. ಆ ಮಾತಿನ ಹಿಂದೆ ಏನೇನೆಲ್ಲ ಅಡಗಿರುತ್ತದೆ ಎಂಬುದು ಜೀವನವಿಡೀ ಅದನ್ನೇ ಪಾಠ ಮಾಡಿದವರಿಗೆ ಗೊತ್ತಿಲ್ಲವೇ?

"ಡಾಕ್ಟ್ರೇ, ಆ ಷರತ್ತು ತೆಗೆದು ಹೇಳಿ" ಎಂದರು.

ಡಾಕ್ಟರು ಮಾತ್ರೆಯ ಚೀಟಿಯನ್ನು ನನ್ನ ಕೈಗಿಟ್ಟು ಹೊರಟರು. ಅತ್ತೆ ಪಕ್ಕದ ಕುರ್ಚಿಯನ್ನು ತಟ್ಟಿ, "ಬನ್ರೀ, ಇಲ್ಲಿ ಕೂತ್ಕೊಳ್ಳಿ" ಎಂದರು.

ಮಾವ ಕೂತರು. ತಾವು ಅಲ್ಲಾಡಿದರೆ ಎಲ್ಲಿ ಏನು ಬದಲಾಗಿಬಿಡುತ್ತದೋ ಎಂಬಂತೆ, ಅತ್ತೆಯ ಕೈ ಹಿಡಿದುಕೊಂಡು ಸಂಜೆಯವರೆಗೂ ಹಾಗೇ ಕೂತಿದ್ದರು.