ಮೂರನೆಯ ಹಾಡಿನಲ್ಲಿ ಹೆಚ್ಚಾಗಿರುವ ನಾಲ್ಕು ಸಾಲುಗಳ ಬಗ್ಗೆ

ರಸ್ಟ್ ವಲ್ಚರ್ ಮೇಳದ ಹಿರಿಯ ಗಾಯಕರಾದ ಮಾನ್ಯರೇ,

ಏಳು ಸಮುದ್ರ ದಾಟಿ ಬಂದು, ಕಳೆದ ಭಾನುವಾರ ಸಂಜೆ ಹೊಸಪೇಟೆಯ ಹೊರಗಿನ ಮೈದಾನದಲ್ಲಿ ತಮ್ಮ ಹೆವಿ ಮೆಟಲ್ ಗಾಯನದಿಂದ ನಮ್ಮ ಕಿವಿಗಳನ್ನು ಪಾವನಗೊಳಿಸಿದ ತಮಗೆ, ಮರಿಯಮ್ಮನಹಳ್ಳಿಯಲ್ಲಿ ಲಾರಿ ಬಿಡಿಭಾಗಗಳ ಅಂಗಡಿ ಇಟ್ಟಿರುವ ಜಂಬುನಾಥನ ನಮಸ್ಕಾರಗಳು. ಒಂದು ಕಾಲಕ್ಕೆ ಸೊಂಟದವರೆಗೆ ಇಳಿಬಿದ್ದಿದ್ದ ತಮ್ಮ ಕೂದಲು ಈಗ ಎಲ್ಲಿದೆ ಎಂದು ಕೇಳುವಷ್ಟು ಸಣ್ಣ ಮನುಷ್ಯ ನಾನಲ್ಲ. ಎರಡೂ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು, ಸ್ಟೂಲಿನ ಮೇಲೆ ಕುಳಿತು, ಲೋಕವನ್ನೇ ಸುಟ್ಟುಬಿಡುತ್ತೇನೆಂದು ತಾವು ಅಬ್ಬರಿಸುವುದನ್ನು ಕಂಡು, ಸುಡುವ ಮೊದಲು ಯಾರಾದರೂ ತಮಗೊಂದು ಲೋಟ ಬಿಸಿನೀರು ಕೊಡಬಾರದೇ ಎಂದು ನಮ್ಮ ಜೀವ ಮಿಡುಕಿತು.

ನನ್ನ ದೂರು ಮೂರನೆಯ ಹಾಡಿನದು.

ಮೂವತ್ತೈದು ವರ್ಷಗಳ ಹಿಂದೆ, ನಾನೂ ಗೆಳೆಯ ಪಂಪೇಶನೂ ಹೊಸಪೇಟೆಯ ಅಂಗಡಿಯೊಂದರಲ್ಲಿ ತಮ್ಮ ಹಾಡುಗಳನ್ನು ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಂಡು ಬಂದು, ಸಂಡೂರಿನ ಬಳಿ ಯಶವಂತನಗರದ ಅವನ ಮನೆಯಲ್ಲಿ ಮೊದಲ ಸಲ ಕೇಳುತ್ತಿದ್ದಾಗಲೇ ನೀರಿನ ಟ್ಯಾಂಕರ್ ಬಂತು. ಗಣಿ ಕೆಲಸದಿಂದ ಆಗಷ್ಟೇ ಬಂದಿದ್ದ ಅವನ ತಾಯಿ ಯಮನಮ್ಮ, ಟೇಪ್‌ರೆಕಾರ್ಡರಿನಲ್ಲಿ ಅಬ್ಬರಿಸುತ್ತಿದ್ದ ತಮ್ಮ ಬಾಯಿ ಮುಚ್ಚಿಸಲೆಂದು ಅದರ ಒಂದು ಗುಂಡಿ ಒತ್ತಿದರು. ಒತ್ತಿದ್ದು ರೆಕಾರ್ಡಿನ ಕೆಂಪು ಗುಂಡಿ. ಇದೇ ಹಾಡಿನ ನಡುವೆ ತಮ್ಮ ದನಿ ಅಳಿಸಿಹೋಗಿ, ಅಲ್ಲಿ ಅವರ ದನಿ ಕೂತಿತು: "ಲೇ ಪಂಪ್ಯಾ, ಟ್ಯಾಂಕರ್ ಬಂತು, ಕೊಡ ತಗಂಡು ಜಲ್ದಿ ಬಾ. ಆ ಒದರೋರು ಎಲ್ಲಿಗೂ ಹೋಗಂಗಿಲ್ಲ."

ಅಂದಿನಿಂದ ನಮಗೆ ಆ ಹಾಡೆಂದರೆ ಗಿಟಾರು, ಡ್ರಮ್ಮು, ಯಮನಮ್ಮ, ಮತ್ತೆ ಡ್ರಮ್ಮು. ಕ್ಯಾಸೆಟ್ಟು ಬೂಷ್ಟು ಹಿಡಿದು ಹಾಳಾಯಿತು. ಯಮನಮ್ಮ ತೀರಿಕೊಂಡು ಆರು ವರ್ಷ. ಅವರ ದನಿ ಬೇರೆಲ್ಲೂ ಉಳಿದಿಲ್ಲ.

ಹೀಗಿರುವಾಗ ಭಾನುವಾರ ಹಾಡು ಆ ಜಾಗಕ್ಕೆ ಬರುತ್ತಿದ್ದಂತೆ, ಐವತ್ತರ ಹತ್ತಿರ ಬಂದಿರುವ, ಅದಿರು ಲಾರಿ ಓಡಿಸುವ ಪಂಪೇಶ, ಯಾರೋ ಕರೆಯುತ್ತಾರೆಂಬಂತೆ ಹಿಂದಕ್ಕೆ ತಿರುಗಿ ನಿಂತ. ತಾವಾದರೋ ನಾವು ಎಂದೂ ಕೇಳದ ನಾಲ್ಕು ಸಾಲು ಹಾಡಿಬಿಟ್ಟಿರಿ. "ಇವೆಲ್ಲಿಂದ ಬಂದ್ವಲೇ ಜಂಬ್ಯಾ" ಎಂದವನು ಹುಲ್ಲಿನ ಮೇಲೆ ಕೂತೇಬಿಟ್ಟ.

ಸಾಲುಗಳು ಚೆನ್ನಾಗಿಯೇ ಇರಬಹುದು, ಅರ್ಥವಾದವರು ಕುಣಿದರು. ಆದರೂ ತಾವು ದೊಡ್ಡ ಮನಸ್ಸು ಮಾಡಿ ಅವನ್ನು ತೆಗೆದುಹಾಕಿ, ಇನ್ನು ಮುಂದೆ ಲಂಡನ್ನಿನಲ್ಲಾಗಲಿ ಕಂಪ್ಲಿಯಲ್ಲಾಗಲಿ ಅಷ್ಟು ಹೊತ್ತು ಸುಮ್ಮನಿದ್ದು, ಡ್ರಮ್ಮಿನವರು ಕೊಡ ಹಿಡಿದು ಒಂದು ಸುತ್ತು ಹೋಗಿಬರುವ ಏರ್ಪಾಡು ಮಾಡಬೇಕೆಂದು ಪ್ರಾರ್ಥನೆ.

ಕೊನೆಯಲ್ಲಿ ಜನರ ಒತ್ತಾಯಕ್ಕೆ ಅದೇ ಹಾಡನ್ನು ತಾವು ಮತ್ತೆ ಹಾಡಿದಾಗ, ಅದೇ ಜಾಗದಲ್ಲಿ ತಮ್ಮ ದನಿಯನ್ನೂ ಮೀರಿಸಿ ಟ್ಯಾಂಕರ್ ಬಂತೆಂದು ಕೂಗಿದವನು ಪಂಪೇಶ. ಹೊಗಳುತ್ತಿದ್ದಾನೆಂದು ತಿಳಿದು ತಾವು ಎರಡು ಬೆರಳು ಕೊಂಬಿನಂತೆ ಎತ್ತಿ ಅವನಿಗೆ ತೋರಿಸಿದಿರಿ. ಅವನು ಅವ್ವನ ಮಾತನ್ನು ಕೊನೆಯವರೆಗೂ ಹೇಳಿ ಮುಗಿಸಿಯೇ ಕಣ್ಣೊರೆಸಿಕೊಂಡ.

ತಮ್ಮ ವಿಶ್ವಾಸಿ,
ಜಂಬುನಾಥ್

ವಿ.ಸೂ.: ತಾವು ಎಲ್ಲಿಗೂ ಹೋಗುವುದಿಲ್ಲವೆಂದು ಯಮನಮ್ಮ ಹೇಳಿದ್ದರು. ಮೊಣಕಾಲಿನ ಪಟ್ಟಿ ಕಂಡಾಗಿನಿಂದ ನಮಗೆ ಸ್ವಲ್ಪ ಅನುಮಾನ. ದಿನವೂ ಎಣ್ಣೆ ತಿಕ್ಕಿಸಿಕೊಳ್ಳಿ. ಅವರ ಮಾತು ಸುಳ್ಳಾಗಬಾರದು.